ಕೇಯಾಸ್ ಎಂದ ಮಾತ್ರಕ್ಕೆ ಗೂಢಲಿಪಿ ಭದ್ರವಾಗದು

ಪ್ರಶ್ನೆ: ಲಾಜಿಸ್ಟಿಕ್ ಮ್ಯಾಪ್ (ಒಂದು ಸಂಖ್ಯೆಯಿಂದ ಮುಂದಿನದನ್ನು ಹುಟ್ಟಿಸುತ್ತ ಹೋಗುವ ಸೂತ್ರ) ಬಳಸಿ ಸಂದೇಶಗಳನ್ನು ಗೂಢಲಿಪಿಗೆ ತಿರುಗಿಸುವ ಪ್ರಾಜೆಕ್ಟ್ ಮಾಡಿದ್ದೇನೆ. ಆರಂಭದ ಸಂಖ್ಯೆಯೇ ಕೀಲಿ. ಅದು ಕೂದಲೆಳೆಯಷ್ಟು ಬದಲಾದರೂ ಮುಂದಿನ ಸರಣಿ ಪೂರ್ತಿ ಬೇರೆಯಾಗುವ ಕೇಯಾಸ್ ಗುಣವಿರುವುದರಿಂದ ಇದನ್ನು ಯಾರೂ ಒಡೆಯಲಾರರಲ್ಲವೇ?

ಉತ್ತರ: ಒಡೆಯಬಲ್ಲರು. ಪ್ರಾಜೆಕ್ಟ್ ಸಲ್ಲಿಸುವ ಕಾಲ ಬಂದಾಗಲೆಲ್ಲ ಇದೇ ಪ್ರಶ್ನೆ ಬರುತ್ತಿರುವುದರಿಂದ ಈ ಸಲ ವಿವರವಾಗಿಯೇ ಉತ್ತರಿಸುತ್ತೇನೆ.

ಮೊದಲು ಕಾಗದ ತೆಗೆದುಕೊಂಡು ನಿಮ್ಮ ಸೂತ್ರವನ್ನು ಕೈಯಲ್ಲೇ ಲೆಕ್ಕ ಮಾಡಿ. ಸಂಖ್ಯೆಯನ್ನು 1ರಿಂದ ಕಳೆದು, ಉಳಿದದ್ದನ್ನು ಅದೇ ಸಂಖ್ಯೆಯಿಂದಲೂ 4ರಿಂದಲೂ ಗುಣಿಸಬೇಕು. 0.3ರಿಂದ ಹೊರಟರೆ 0.84 ಬರುತ್ತದೆ, 0.7ರಿಂದ ಹೊರಟರೂ 0.84 ಬರುತ್ತದೆ. ಅಂದರೆ ಎರಡು ಬೇರೆ ಕೀಲಿಗಳಿಗೆ ಮೊದಲ ಹೆಜ್ಜೆಯಿಂದಲೇ ಒಂದೇ ಸರಣಿ. 0.75 ಕೊಟ್ಟರೆ ಎಷ್ಟು ಸಲ ಲೆಕ್ಕ ಮಾಡಿದರೂ 0.75 ಕದಲುವುದಿಲ್ಲ. 0.5 ಕೊಟ್ಟರೆ 1 ಬಂದು, ಅಲ್ಲಿಂದ ಮುಂದೆ ಬರೀ ಸೊನ್ನೆ. ಸೊನ್ನೆಗಳೊಂದಿಗೆ ಎಕ್ಸಾರ್ ಮಾಡಿದ (ಅಂದರೆ ಸರಣಿಯ ಬಿಟ್ 1 ಇದ್ದಲ್ಲಿ ಮಾತ್ರ ಸಂದೇಶದ ಬಿಟ್ ತಿರುಗಿಸುವ) ಸಂದೇಶ ಇದ್ದದ್ದು ಇದ್ದ ಹಾಗೆಯೇ ಹೊರಗೆ ಹೋಗುತ್ತದೆ.

ಇಂಥ ಕೀಲಿಗಳನ್ನು ಬಿಟ್ಟರೆ ಸಾಕು ಎಂದುಕೊಳ್ಳಬೇಡಿ. ಗಣಿತ ಹೇಳುವ ಆ ಸೂಕ್ಷ್ಮತೆ ದಶಾಂಶಗಳಿಗೆ ಕೊನೆಯೇ ಇಲ್ಲದ ಸಂಖ್ಯೆಗಳದ್ದು. ಕಂಪ್ಯೂಟರ್ ದಶಾಂಶಗಳನ್ನು ಇಟ್ಟುಕೊಳ್ಳುವ ‘ಡಬಲ್’ ರೂಪದ ಸಂಖ್ಯೆಗಾದರೋ 53 ಬಿಟ್‌ಗಳ ನಿಖರತೆಯಷ್ಟೇ ಇರುವುದರಿಂದ, ಸರಣಿ ಎಂದಾದರೊಂದು ದಿನ ಹಳೆಯ ಜಾಡಿಗೇ ಮರಳಲೇಬೇಕು. ರಾಬರ್ಟ್ ಮ್ಯಾಥ್ಯೂಸ್ 1989ರಲ್ಲಿ ಇಂಥ ಗೂಢಲಿಪಿಯನ್ನು ಪ್ರಸ್ತಾಪಿಸಿದರು. ಅದೇ ವರ್ಷ ಡೇನಿಯಲ್ ವೀಲರ್ ಈ ಪುನರಾವರ್ತನೆಯ ದೋಷವನ್ನು ಎತ್ತಿ ತೋರಿಸಿದರು. ಅಷ್ಟು ಹಳೆಯ ಆಕ್ಷೇಪಕ್ಕೆ ಉತ್ತರ ಕೊಡದೆ ಇಂದಿಗೂ ಹೊಸ ಪ್ರಬಂಧಗಳು ಬರುತ್ತಿರುವುದು ನನಗೆ ಸಹಿಸಲಾಗದ ಸಂಗತಿ. ಇದಕ್ಕಿಂತ ದೊಡ್ಡ ಅಪಾಯವೆಂದರೆ, ಕೇಯಾಸ್ ಯಾದೃಚ್ಛಿಕವಲ್ಲ, ಅದು ನಿಯಮಬದ್ಧ. ಕದ್ದು ಕೇಳುವವನಿಗೆ ಸಂದೇಶದ ಒಂದು ತುಣುಕು ಮೊದಲೇ ಗೊತ್ತಿದ್ದು, ಅದರಿಂದ ಸರಣಿಯ ಒಂದೇ ಒಂದು ಸಂಖ್ಯೆ ಪೂರ್ತಿಯಾಗಿ ಸಿಕ್ಕಿದರೂ ಮುಂದಿನದ್ದನ್ನೆಲ್ಲ ನಿಮ್ಮ ಸೂತ್ರವೇ ಅವನಿಗೆ ಹೇಳಿಕೊಡುತ್ತದೆ.

ವಿದ್ಯುನ್ಮಂಡಲಗಳಲ್ಲೂ ಹೀಗೆಯೇ ಆಯಿತು. ಎರಡು ಕೇಯಾಸ್ ವ್ಯವಸ್ಥೆಗಳು ಒಂದಕ್ಕೊಂದು ತಾಳ ಹಾಕಬಲ್ಲವು ಎಂದು ಪೆಕೋರಾ ಮತ್ತು ಕ್ಯಾರೊಲ್ 1990ರಲ್ಲಿ ತೋರಿಸಿದರು; ಕುವೋಮೊ ಮತ್ತು ಒಪನ್‌ಹೈಮ್ 1993ರಲ್ಲಿ ಅದರ ಮರೆಯಲ್ಲಿ ಸಂದೇಶವನ್ನು ಅಡಗಿಸಿದರು; ಮರುವರ್ಷವೇ ಕೆವಿನ್ ಶಾರ್ಟ್ ಅಂಥ ಮುಸುಕನ್ನು ಸರಿಸುವ ವಿಧಾನವನ್ನು ಪ್ರಕಟಿಸಿದರು. 2005ರಲ್ಲಿ ಅಥೆನ್ಸ್ ನಗರದ 120 ಕಿಲೋಮೀಟರ್ ಆಪ್ಟಿಕಲ್ ಫೈಬರ್ ಜಾಲದಲ್ಲಿ ಲೇಸರ್ ಕೇಯಾಸ್ ಮೂಲಕ ಗಿಗಾಬಿಟ್ ವೇಗದಲ್ಲಿ ಸಂದೇಶ ಕಳಿಸಿದ ಪ್ರಯೋಗದ ಬಗ್ಗೆ ನನಗೆ ನಿಜವಾದ ಗೌರವವಿದೆ, ಆದರೆ ಅದು ಇಂದು ಎಲ್ಲೆಡೆ ಬಳಸುವ ಮಾನಕ ಗೂಢಲಿಪಿಯಾದ ಎಇಎಸ್‌ಗೆ ಬದಲಿಯಲ್ಲ. ಪ್ರಾಜೆಕ್ಟನ್ನು ಅಧ್ಯಯನವೆಂದೇ ಸಲ್ಲಿಸಿ. ಯಾರ ನಿಜವಾದ ಸಂದೇಶವನ್ನೂ ಅದಕ್ಕೆ ಒಪ್ಪಿಸಬೇಡಿ.

ಪ್ರಶ್ನೆ: ಗೂಢಲಿಪಿಯಾದ ಚಿತ್ರದಲ್ಲಿ 99.6 ಶೇಕಡಾ ಪಿಕ್ಸೆಲ್‌ಗಳು ಬದಲಾದರೆ ಭದ್ರವಲ್ಲವೇ?

ಉತ್ತರ: ಇಲ್ಲ. ಸಂಬಂಧವೇ ಇಲ್ಲದ ಎರಡು ಯಾದೃಚ್ಛಿಕ ಚಿತ್ರಗಳನ್ನು ಹೋಲಿಸಿದರೂ, ಒಂದೊಂದು ಪಿಕ್ಸೆಲ್ಲಿಗೆ 256 ಛಾಯೆಗಳಿರುವಾಗ, 256ರಲ್ಲಿ 255 ಪಾಲು, ಅಂದರೆ ಅಷ್ಟೇ ಬರುತ್ತದೆ.

ಪ್ರಶ್ನೆ: ತನ್ನ ಕೇಯಾಸ್ ಸೂತ್ರ ಗುಟ್ಟಿನದು, ಹಾಗಾಗಿ ಸುರಕ್ಷಿತ ಎನ್ನುವ ಕಂಪನಿಯ ಸಾಧನವನ್ನು ಕೊಳ್ಳಬಹುದೇ?

ಉತ್ತರ: ಖಂಡಿತ ಬೇಡ. ಭದ್ರತೆ ಕೀಲಿಯಲ್ಲಿರಬೇಕು, ವಿಧಾನದ ಗುಟ್ಟಿನಲ್ಲಲ್ಲ ಎಂದು ಗೂಢಲಿಪಿ ತಜ್ಞ ಕೆರ್ಕ್‌ಹಾಫ್ಸ್ 1883ರಲ್ಲೇ ಬರೆದಿದ್ದಾರೆ.

ಪ್ರಶ್ನೆ: ಕ್ವಾಂಟಂ ಕಂಪ್ಯೂಟರ್ ಬಂದರೆ ಕೇಯಾಸ್ ಒಂದೇ ದಾರಿಯೇ?

ಉತ್ತರ: ಅಲ್ಲ. ಕ್ವಾಂಟಂ ಕಂಪ್ಯೂಟರಿಗೂ ಜಗ್ಗದ ಗೂಢಲಿಪಿಗಳಿಗೆಂದೇ ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2024ರ ಆಗಸ್ಟ್‌ನಲ್ಲಿ ಮಾನಕಗಳನ್ನು ಹೊರತಂದಿದೆ, ಅವನ್ನು ಬಳಸಿ.