ಬಿದ್ದ ಗೆಳತಿ ಹೇಗಿದ್ದಾಳೆ?

ಹೆಸರು ಹಾಕಬೇಡಿ ಎಂದು ಕೇಳಿಕೊಂಡ ಕಾಲೇಜು ವಿದ್ಯಾರ್ಥಿನಿಯೊಬ್ಬರ ಎರಡು ಪುಟದ ಪತ್ರ ಬಂದಿದೆ. ಚಿಕ್ಕದು ಮಾಡಿ ಕೊಡುತ್ತಿದ್ದೇನೆ:

"ನಾನು, ನನ್ನ ಗೆಳತಿ ನಾಲ್ಕು ವರ್ಷದಿಂದ ಒಟ್ಟಿಗೆ ಓಡುತ್ತಿದ್ದೇವೆ. ಅಂತರ ಕಾಲೇಜು ಕ್ರೀಡಾಕೂಟಕ್ಕೆ 1500 ಮೀಟರ್‌ನಲ್ಲಿ ಇಬ್ಬರನ್ನು ಮಾತ್ರ ಆರಿಸುತ್ತಿದ್ದರು. ಕೊನೆಯ ತಿರುವಿನಲ್ಲಿ ಅವಳು ಎರಡನೆಯವಳು, ನಾನು ಮೂರನೆಯವಳು. ಮುಂದಿದ್ದವಳ ಕಾಲು ತಗುಲಿ ಅವಳು ಬಿದ್ದಳು. ನಾನು ನಿಲ್ಲಲಿಲ್ಲ. ಎರಡನೇ ಸ್ಥಾನ ನನಗೆ ಬಂತು. ಎಲ್ಲರೂ ನನ್ನನ್ನು ಎತ್ತಿ ಕುಣಿಸಿದರು, ಫೋಟೊ ತೆಗೆದರು. ರಾತ್ರಿ ಅವಳಿಗೆ 'ಸಾರಿ ಕಣೇ' ಅಂತ ಮೆಸೇಜ್ ಹಾಕಿದೆ. ಮೂರು ವಾರವಾದರೂ ಉತ್ತರ ಇಲ್ಲ. ಕ್ಲಾಸಿನ ಒಬ್ಬಳು ರಿಯೋ ಒಲಿಂಪಿಕ್ಸ್ ವಿಡಿಯೊ ಕಳಿಸಿ 'ಸ್ನೇಹ ಅಂದ್ರೆ ಇದು' ಅಂತ ಚುಚ್ಚಿದಳು. ಕೋಚ್ ಮಾತ್ರ, ಟ್ರ್ಯಾಕ್ ಮೇಲೆ ಫ್ರೆಂಡ್ಸ್ ಅಂತ ಯಾರೂ ಇರಲ್ಲ ಅಂತಾರೆ. ನಾನು ನಿಲ್ಲಬೇಕಿತ್ತಾ? ನನ್ನ ಜಾಗ ಅವಳಿಗೆ ಬಿಟ್ಟುಕೊಡಲಾ?"

ನಿಲ್ಲಬೇಕಿರಲಿಲ್ಲ. ಇದನ್ನು ನಿಮ್ಮ ಸಮಾಧಾನಕ್ಕೆ ಹೇಳುತ್ತಿಲ್ಲ. ಕೊನೆಯ ತಿರುವಿನಲ್ಲಿ ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಓಡುತ್ತಿರುವಾಗ ಥಟ್ಟನೆ ನಿಂತರೆ ಹಿಂದೆ ಬರುತ್ತಿರುವವರು ನಿಮ್ಮ ಮೇಲೇ ಬೀಳುತ್ತಾರೆ. ನಿಲ್ಲೋದೋ ಬೇಡವೋ ಅಂತ ಯೋಚಿಸುವಷ್ಟು ಹೊತ್ತೂ ನಿಮಗೆ ಸಿಕ್ಕಿರುವುದಿಲ್ಲ.

ನಿಮ್ಮ ಕ್ಲಾಸಿನವಳು ಕಳಿಸಿದ ಆ ವಿಡಿಯೊವನ್ನು ಇನ್ನೊಮ್ಮೆ ನೋಡಿ. ಅದು 2016ರ ಆಗಸ್ಟ್‌ನಲ್ಲಿ ನಡೆದ ಮಹಿಳೆಯರ 5000 ಮೀಟರ್ ಹೀಟ್ಸ್, ಅಂದರೆ ಫೈನಲ್‌ಗೆ ಮೊದಲಿನ ಸುತ್ತು. ನ್ಯೂಜಿಲೆಂಡ್‌ನ ನಿಕ್ಕಿ ಹ್ಯಾಂಬ್ಲಿನ್ ಎಡವಿ ಬಿದ್ದರು. ಹಿಂದೆಯೇ ಇದ್ದ ಅಮೆರಿಕದ ಆ್ಯಬಿ ಡಿ'ಆಗಸ್ಟಿನೊ ನಿಕ್ಕಿಗೆ ತಾಗಿ ಬಿದ್ದರು. ಮೊದಲು ಎದ್ದವರು ಆ್ಯಬಿ. ಎದ್ದು ಓಡಲಿಲ್ಲ. ಇನ್ನೂ ನೆಲದ ಮೇಲಿದ್ದ ನಿಕ್ಕಿಯ ಭುಜದ ಮೇಲೆ ಕೈಯಿಟ್ಟು, ಏಳು, ಓಟ ಮುಗಿಸೋಣ ಎಂದು ಎಬ್ಬಿಸಿದರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಆ್ಯಬಿಯ ಮಂಡಿಯೇ ಕೈಕೊಟ್ಟಿತು. ಈಗ ಅವರಿಗಾಗಿ ನಿಂತವರು ನಿಕ್ಕಿ. ಅದಕ್ಕೂ ಮೊದಲು ಒಬ್ಬರಿಗೊಬ್ಬರ ಪರಿಚಯವೇ ಇರಲಿಲ್ಲ. ಇಬ್ಬರೂ ಓಟ ಮುಗಿಸಿದರು. ಗೆರೆಯ ಹತ್ತಿರ ಅಪ್ಪಿಕೊಂಡರು. ಆಮೇಲೆ ಆ್ಯಬಿಯನ್ನು ವೀಲ್‌ಚೇರಿನಲ್ಲಿ ಕರೆದೊಯ್ದರು.

ಎಷ್ಟು ಸಲ ನೋಡಿದರೂ ಮನಸ್ಸು ಕರಗುತ್ತದೆ. ಆದರೆ ಒಂದನ್ನು ಗಮನಿಸಿ: ಅಲ್ಲಿ ನಿಂತವರು ತಾವೂ ಬಿದ್ದವರು. ಮುಂದೆ ಹೋಗಿದ್ದವರು ಯಾರೂ ಹಿಂತಿರುಗಿ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಆ ವಿಡಿಯೊ ಇಟ್ಟುಕೊಂಡು ನಿಮ್ಮನ್ನು ಚುಚ್ಚುವುದು ನ್ಯಾಯವಲ್ಲ.

ಜಾಗ ಬಿಟ್ಟುಕೊಡುವ ಮಾತೂ ಬೇಡ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ 2021ರಲ್ಲಿ ಎತ್ತರ ಜಿಗಿತದ ಚಿನ್ನವನ್ನು ಕತಾರ್‌ನ ಬರ್ಶಿಮ್, ಇಟಲಿಯ ತಂಬೇರಿ ಹಂಚಿಕೊಂಡರಲ್ಲ, ನಿಮಗೆ ಅದೇ ಮನಸ್ಸಿನಲ್ಲಿರಬಹುದು. ಆದರೆ ಅವರಿಬ್ಬರೂ ನಿಜಕ್ಕೂ ಸರಿಸಮ ಇದ್ದರು. ಇಬ್ಬರೂ 2.37 ಮೀಟರ್ ದಾಟಿದ್ದರು, 2.39ರಲ್ಲಿ ಇಬ್ಬರೂ ಮೂರು ಸಲ ಸೋತಿದ್ದರು. ಹಂಚಿಕೊಳ್ಳಲು ನಿಯಮದಲ್ಲೂ ಅವಕಾಶ ಇತ್ತು. 2024ರಲ್ಲಿ ಪ್ಯಾರಿಸ್‌ನಲ್ಲಿ ಹೀಗೇ ಸಮ ಬಂದಾಗ ನ್ಯೂಜಿಲೆಂಡ್‌ನ ಹ್ಯಾಮಿಶ್ ಕೆರ್, ಅಮೆರಿಕದ ಶೆಲ್ಬಿ ಮೆಕ್‌ಇವೆನ್ ಇಬ್ಬರೂ ಮತ್ತೆ ಜಿಗಿದೇ ತೀರ್ಮಾನ ಮಾಡಿಕೊಂಡರು. ಚಿನ್ನ ಕೆರ್‌ಗೆ ಹೋಯಿತು. ನನಗೆ ಎರಡೂ ಸರಿ ಅನ್ನಿಸುತ್ತದೆ. ನಿಮ್ಮದು ಹಾಗಲ್ಲ. ನೀವು ಕೊಟ್ಟರೆ ಅದು ದಾನವಾಗುತ್ತದೆ. ನಾಲ್ಕು ವರ್ಷ ನಿಮ್ಮ ಜೊತೆ ಬೆವರು ಸುರಿಸಿದವಳು ಅದನ್ನು ತಗೊಳ್ತಾಳೆ ಅಂದುಕೊಂಡಿದ್ದೀರಾ?

ಹಾಗಾದರೆ ತಪ್ಪು ಎಲ್ಲಾಯಿತು? ಅದಕ್ಕೆ ಇನ್ನೊಂದು ಘಟನೆ ಹೇಳಬೇಕು. ಇದು ವಿದ್ಯಾರ್ಥಿನಿಯರದ್ದೇ. 2008ರ ಏಪ್ರಿಲ್‌ನಲ್ಲಿ ಅಮೆರಿಕದ ಎರಡು ವಿಶ್ವವಿದ್ಯಾಲಯಗಳ ನಡುವೆ ಬೇಸ್‌ಬಾಲ್‌ನಂಥದೇ ಆಟವಾದ ಸಾಫ್ಟ್‌ಬಾಲ್ ಪಂದ್ಯ. ವೆಸ್ಟರ್ನ್ ಆರೆಗಾನ್‌ನ ಸಾರಾ ಟಕೋಲ್ಸ್ಕಿ ಚೆಂಡನ್ನು ಬೇಲಿಯಾಚೆ ಹೊಡೆದಳು. ಅವಳ ಮೊದಲ ಹೋಮ್ ರನ್. ನಮ್ಮ ಕ್ರಿಕೆಟ್‌ನ ಸಿಕ್ಸರ್ ಇದ್ದ ಹಾಗೆ, ಆದರೆ ಅದು ಲೆಕ್ಕಕ್ಕೆ ಬರಬೇಕಾದರೆ ಹೊಡೆದವಳು ಮೈದಾನದ ಬೇಸ್‌ಗಳನ್ನೆಲ್ಲ ಒಂದೊಂದಾಗಿ ಮುಟ್ಟಿ ಸುತ್ತು ಬರಬೇಕು. ಖುಷಿಯಲ್ಲಿ ಮೊದಲ ಬೇಸ್ ಮುಟ್ಟುವುದನ್ನೇ ಮರೆತು ಮುಂದೆ ಹೋದಳು. ನೆನಪಾಗಿ ತಿರುಗುವಾಗ ಮಂಡಿ ತಿರುಚಿ ಕುಸಿದಳು. ತೆವಳಿಕೊಂಡು ಬೇಸ್ ತಲುಪಿದಳು, ಮುಂದಕ್ಕೆ ಆಗಲಿಲ್ಲ. ಅವಳ ತಂಡದವರು ಮುಟ್ಟಿದರೆ ಔಟ್ ಎಂದರು ಅಂಪೈರ್. ಆಗ ಎದುರಾಳಿ ಸೆಂಟ್ರಲ್ ವಾಷಿಂಗ್ಟನ್ ತಂಡದ ಮ್ಯಾಲರಿ ಹೋಲ್ಟ್‌ಮನ್ ಕೇಳಿದಳು: ನಾವು ಎತ್ತಿಕೊಂಡು ಹೋಗಬಹುದಾ? ಹೋಗಬಹುದು ಅಂದರು. ಮ್ಯಾಲರಿ ಮತ್ತು ಲಿಜ್ ವಾಲೇಸ್ ಇಬ್ಬರೂ ಸೇರಿ ಅವಳನ್ನು ಎತ್ತಿಕೊಂಡರು. ಒಂದೊಂದು ಬೇಸ್ ಬಂದಾಗಲೂ ಮೆಲ್ಲಗೆ ಬಗ್ಗಿಸಿ ಅವಳ ಎಡಗಾಲು ತಾಗಿಸಿ ಮುಂದೆ ನಡೆದರು. ಪಂದ್ಯ ಸೆಂಟ್ರಲ್ ವಾಷಿಂಗ್ಟನ್ 4-2ರಲ್ಲಿ ಸೋತಿತು.

ಚೆಂಡು ಬೇಲಿಯಾಚೆ ಹೋಗಿತ್ತು. ಆಟ ಅಲ್ಲಿಗೆ ನಿಂತಿತ್ತು. ಕೈಚಾಚಲು ಸಮಯವಿತ್ತು, ಆ ಹುಡುಗಿಯರು ಅದನ್ನು ಬಳಸಿಕೊಂಡರು. ಗೆರೆ ದಾಟಿದ ಕ್ಷಣ ನಿಮಗೂ ಅಂಥದೇ ಸಮಯ ಸಿಕ್ಕಿತ್ತು. ನಿಮ್ಮ ಹಿಂದೆ ನೂರು ಮೀಟರ್ ದೂರದಲ್ಲಿ ಅವಳು ಕೂತಿದ್ದಳು. ನೀವು ಫೋಟೊಗೆ ನಿಂತಿರಿ.

ಬೇಸರ ಮಾಡಿಕೊಳ್ಳಬೇಡಿ. ಆ ಖುಷಿ ತಪ್ಪಲ್ಲ, ನಿಮ್ಮ ವಯಸ್ಸಿನಲ್ಲಿ ನಾನೂ ಹಾಗೇ ಕುಣಿಯುತ್ತಿದ್ದೆ. ಆದರೆ ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನಿಮ್ಮ ಟೈಮಿಂಗ್ ಇದೆ, ಕೋಚ್ ಮಾತಿದೆ, ನಿದ್ದೆ ಬರದ ರಾತ್ರಿಗಳಿವೆ. ಅವಳಿಗೆ ಎಲ್ಲಿ ಪೆಟ್ಟಾಯಿತು, ಈಗ ನಡೆಯುತ್ತಿದ್ದಾಳಾ, ಅದು ಮಾತ್ರ ಎಲ್ಲೂ ಇಲ್ಲ. ಅವಳು ಕಾಯುತ್ತಿರುವುದು 'ಸಾರಿ'ಗಲ್ಲ ಅಂತ ನನಗನ್ನಿಸುತ್ತದೆ. 'ಪೆಟ್ಟಾಯ್ತಾ?' ಅಂತ ಯಾರಾದರೂ ಕೇಳಲಿ ಅಂತ ಇರಬೇಕು.

ಇನ್ನು ನಿಮ್ಮ ಕೋಚ್ ಮಾತು. ಅವರ ಅನುಭವದ ಬಗ್ಗೆ ಗೌರವವಿದೆ, ಆದರೂ ಇದನ್ನು ನಾನು ಒಪ್ಪುವುದಿಲ್ಲ. ಪ್ಯಾರಿಸ್‌ನ ಎತ್ತರ ಜಿಗಿತದ ಅರ್ಹತಾ ಸುತ್ತಿನಲ್ಲಿ ಓಡಿಬರುವಾಗಲೇ ಬರ್ಶಿಮ್ ಮೀನಖಂಡ ಹಿಡಿದುಕೊಂಡು ನಿಂತರು. ಅವರ ಹತ್ತಿರ ಓಡಿಹೋಗಿ ಕಾಲು ನೀವಿದವರು ತಂಬೇರಿ. ಇಬ್ಬರೂ ಬಂದಿದ್ದು ಅದೇ ಚಿನ್ನ ಉಳಿಸಿಕೊಳ್ಳಲು. ಬರ್ಶಿಮ್ ಫೈನಲ್‌ಗೆ ಬಂದರು, ಕಂಚು ಗೆದ್ದರು. ಕಿಡ್ನಿ ಕಲ್ಲಿನ ನೋವಿನಲ್ಲೇ ಜಿಗಿದ ತಂಬೇರಿ 11ನೆಯವರಾದರು. ಅದು ಟ್ರ್ಯಾಕ್ ಪಕ್ಕದಲ್ಲೇ ನಡೆದದ್ದು, ಇಡೀ ಸ್ಟೇಡಿಯಂ ನೋಡುತ್ತಿರುವಾಗ.

ಮತ್ತೆ ಮೆಸೇಜ್ ಹಾಕಬೇಡಿ, ಮನೆಗೇ ಹೋಗಿ. ಓಟದ ಮಾತು ನೀವಾಗಿ ಎತ್ತಬೇಡಿ. ಮೊದಲು ಪೆಟ್ಟು ಹೇಗಿದೆ ಅಂತ ಕೇಳಿ. ಸಿಟ್ಟು ಮಾಡಿದರೆ ಮಾಡಲಿ, ಕೂತು ಕೇಳಿಸಿಕೊಳ್ಳಿ. ಕೂಟಕ್ಕೆ ಇನ್ನೂ ಒಂದು ತಿಂಗಳಿದೆ ಎಂದಿದ್ದೀರಿ. ಅಲ್ಲಿಯವರೆಗೆ ಅವಳು ಓಡಲಾಗದಿದ್ದರೆ ಪ್ರಾಕ್ಟೀಸಿಗೆ ಬಾ ಅಂತ ಕರೆಯಿರಿ, ಸ್ಟಾಪ್‌ವಾಚ್ ಅವಳ ಕೈಗೆ ಕೊಡಿ. ಕೊನೆಯ ತಿರುವಿನಲ್ಲಿ ನೀವು ಎಲ್ಲಿ ಸೋಲುತ್ತೀರಿ ಅನ್ನುವುದು ನಿಮ್ಮ ಕೋಚ್‌ಗಿಂತ ಅವಳಿಗೇ ಚೆನ್ನಾಗಿ ಗೊತ್ತಿರುತ್ತದೆ, ಅಲ್ವಾ?

ಆಮೇಲೆ ನನಗೊಂದು ಸಾಲು ಬರೆಯಿರಿ. ಅವಳು ಹೇಗಿದ್ದಾಳೆ ಅಂತ.