ಟರ್ಕಿಶ್‌ನಲ್ಲಿ ‘ಬಂದ’, ‘ಕಾದ’, ‘ಬಾರದ’ ಅನ್ನೋದು ಹೇಗೆ?

ಟರ್ಕಿಶ್‌ನಲ್ಲಿ ‘ಬಂದ ಮನುಷ್ಯ’ ಥರ ಹೇಳುವಾಗ ಕ್ರಿಯಾಪದದ ಕೊನೆಗೆ ‘ಎನ್’ ಪ್ರತ್ಯಯ ಯಾವಾಗ, ‘ದಿಕ್’ ಯಾವಾಗ, ಇಂಗ್ಲಿಷಿನಲ್ಲಿ ಇಂಥ ಕಡೆ ಬರುವ ‘ಹೂ’ (who), ‘ವಿಚ್’ (which) ಇಲ್ಲಿ ಎಲ್ಲಿ ಹೋದವು ಅಂತ ಕೇಳಿದ್ದೀರಿ. ಮೊದಲು ಆ ‘ಹೂ’, ‘ವಿಚ್’ ಮರೆತುಬಿಡಿ. ನಾನೂ ಇಂಗ್ಲಿಷ್ ಪುಸ್ತಕ ಇಟ್ಟುಕೊಂಡೇ ಕಲಿಯೋಕೆ ಕೂತು ತಿಂಗಳುಗಟ್ಟಲೆ ಒದ್ದಾಡಿದೆ. ಕನ್ನಡದಲ್ಲಿ ಯೋಚನೆ ಮಾಡಿದ ಮೇಲೆ ಅರ್ಧ ಗಂಟು ತಾನಾಗಿ ಬಿಚ್ಚಿಕೊಂಡಿತು.

‘ಗೆಲ್’ ಅಂದರೆ ಬಾ. ‘ಗೆಲೆನ್ ಆದಮ್’ ಅಂದರೆ ಬಂದ ಮನುಷ್ಯ. ‘ಗೆಲ್ಮೆಯೆನ್ ಆದಮ್’, ಬಾರದ ಮನುಷ್ಯ. ‘ಗೆಚೆನ್ ಹಫ್ತಾ’ ಕಳೆದ ವಾರ, ‘ಗೆಲೆಜೆಕ್ ಹಫ್ತಾ’ ಬರುವ ವಾರ. ಪದಕ್ಕೆ ಪದ ನಮ್ಮದೇ ಅಲ್ವಾ? ಧಾತುವಿನ ಕೊನೆಯ ಸ್ವರ ‘ಅ’ ಥರದ್ದಾದರೆ ‘ಎನ್’ ಬದಲು ‘ಅನ್’ ಬರುತ್ತದೆ: ‘ಬಕ್’ ಅಂದರೆ ನೋಡು, ‘ಬಕನ್’ ನೋಡುವವನು. ಮಂತ್ರಿಗೂ ಅವರು ‘ಬಕನ್’ ಅಂತಲೇ ಹೇಳುತ್ತಾರೆ. ಒಂದು ವಿಷಯ ಮಾತ್ರ ಗಮನದಲ್ಲಿರಲಿ, ‘ಗೆಲೆನ್’ ಅಂದಾಗ ‘ಬಂದ’ವನೋ ‘ಬರುತ್ತಿರುವ’ವನೋ ಅನ್ನೋದು ಸಂದರ್ಭದಿಂದಲೇ ತಿಳಿಯಬೇಕು.

ನಿಜವಾದ ತೊಡಕು ಇರೋದು ‘ದಿಕ್’ನಲ್ಲಿ. ಕನ್ನಡದಲ್ಲಿ ‘ನನಗಾಗಿ ಕಾದ ಹುಡುಗ’ ಅಂದರೂ ‘ಕಾದ’, ‘ನಾನು ಕಾದ ಹುಡುಗ’ ಅಂದರೂ ಅದೇ ‘ಕಾದ’. ಯಾರು ಯಾರಿಗೆ ಕಾದರು ಅನ್ನೋದನ್ನ ಕ್ರಿಯಾಪದ ಹೇಳೋದಿಲ್ಲ, ಪಕ್ಕದ ಪದ ಹೇಳುತ್ತದೆ. ಟರ್ಕಿಶ್‌ಗೆ ಅದು ಸಾಲದು. ‘ಬೆಕ್ಲೆ’ ಅಂದರೆ ಕಾಯಿ. ಆ ಮನುಷ್ಯನೇ ಕಾದಿದ್ದರೆ ‘ಬೆನಿ ಬೆಕ್ಲೆಯೆನ್ ಆದಮ್’. ಕಾದಿದ್ದು ನಾನಾದರೆ ‘ಬೆನಿಮ್ ಬೆಕ್ಲೆದೀಮ್ ಆದಮ್’. ‘ಬೆಕ್ಲೆದೀಮ್’ನ ಕೊನೆಯ ‘ಮ್’ ಅಂದರೆ ‘ನನ್ನ’. ನೀನು ಕಾದಿದ್ದರೆ ‘ಬೆಕ್ಲೆದೀನ್’. ಅಮ್ಮ ಕಾದಿದ್ದರೆ ‘ಅನ್ನೆಮಿನ್ ಬೆಕ್ಲೆದೀ ಆದಮ್’, ಅಂದರೆ ಅವರ ಲೆಕ್ಕದಲ್ಲಿ ‘ನನ್ನಮ್ಮನ ಕಾದ ಮನುಷ್ಯ’. ಕಾಯುವ ಕೆಲಸವನ್ನೇ ಒಬ್ಬರ ಸ್ವತ್ತಿನ ಹಾಗೆ ಹಿಡಿದು ‘ನನ್ನ’, ‘ನಿನ್ನ’ ಅಂತ ಹಚ್ಚುತ್ತಾರೆ, ನನಗೆ ಈ ಭಾಷೆಯಲ್ಲಿ ತುಂಬಾ ಇಷ್ಟವಾದ ಜಾಗ ಇದು. ‘ದಿಕ್’ನ ‘ಕ್’ ಎಲ್ಲಿ ಹೋಯಿತು ಅಂತ ಹುಡುಕಬೇಡಿ. ಎರಡು ಸ್ವರಗಳ ನಡುವೆ ಅದು ಮೆತ್ತಗಾಗಿ, ತಲೆಯ ಮೇಲೆ ಬಟ್ಟಲಿನ ಗುರುತಿರುವ ‘ಜಿ’ (ğ) ಅಕ್ಷರವಾಗುತ್ತದೆ. ಅದಕ್ಕೆ ಸ್ವಂತ ದನಿ ಇಲ್ಲ, ಹಿಂದಿನ ಸ್ವರ ಸ್ವಲ್ಪ ಉದ್ದವಾಗುತ್ತದೆ, ಅಷ್ಟೇ.

ಹಾಗಾಗಿ ವಾಕ್ಯ ಕಟ್ಟುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಮುಂದೆ ಬರುವ ಹೆಸರೇ ಆ ಕೆಲಸ ಮಾಡಿತಾ? ಹೌದಾದರೆ ‘ಎನ್’, ಬೇರೆಯವರು ಮಾಡಿದ್ದರೆ ‘ದಿಕ್’. ಒಂದೆರಡು ಅಪವಾದ ಮುಂದೆ ಸಿಗುತ್ತವೆ, ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ‘ಮೆಜ್’ ಅನ್ನೋ ಇನ್ನೊಂದು ಪ್ರತ್ಯಯ ಬಂದರೂ ಹೆದರಬೇಡಿ, ಅದೂ ನಮ್ಮ ‘-ಅದ’ ಥರದ್ದೇ. ಬಾಲ್ ಪೆನ್ನಿಗೆ ಅಲ್ಲಿ ‘ಟ್ಯುಕೆನ್ಮೆಜ್ ಕಲೆಮ್’ ಅಂತಾರೆ, ಮುಗಿಯದ ಕಲಮು.