ಕಂಟ್ರೋಲ್ ಎಸ್ ಒತ್ತಿದರೆ ಕೋಡ್ ಉಳಿಯುತ್ತದೆ, ಉತ್ತರ ಉಳಿಯುವುದಿಲ್ಲ

ನೀವು ಕೇಳಿದ್ದು ಇಷ್ಟು: ಕಾಳಿ ನದಿ ಸಮುದ್ರ ಸೇರುವಲ್ಲಿನ ಉಬ್ಬರ-ಇಳಿತದ ಸಿಮ್ಯುಲೇಶನ್ ಓಡಿಸಿ, ಸೇವ್ ಮಾಡಿ ಮುಚ್ಚಿದಿರಿ. ಮರುದಿನ ತೆರೆದರೆ ಉತ್ತರವೇ ಇಲ್ಲ. ಕಾಲೇಜಿನಲ್ಲಿರುವುದು ಲೆಕ್ಕ ಮಾಡುವ ಸಾಫ್ಟ್‌ವೇರ್ ಮ್ಯಾಟ್‌ಲ್ಯಾಬ್, ಕಾರವಾರದ ಮನೆಯಲ್ಲಿ ಅದರಂತೆಯೇ ಇರುವ ಉಚಿತ ಆಕ್ಟೇವ್. ಎರಡರಲ್ಲೂ ತೆರೆಯುವ ಹಾಗೆ ಹೇಗೆ ಇಡುವುದು?

ನೀವು ಸೇವ್ ಮಾಡಿದ್ದು ಎಡಿಟರ್‌ನಲ್ಲಿದ್ದ ಕೋಡ್ ಮಾತ್ರ. ಲೆಕ್ಕದಿಂದ ಬಂದ ಸಂಖ್ಯೆಗಳು ವರ್ಕ್‌ಸ್ಪೇಸ್‌ನಲ್ಲಿ, ಅಂದರೆ ಮೆಮೊರಿಯಲ್ಲಿ ಇರುತ್ತವೆ. ಮುಚ್ಚಿದ ತಕ್ಷಣ ಅಳಿಸಿಹೋಗುತ್ತವೆ. ಅವನ್ನು ‘ಸೇವ್’ ಕಮಾಂಡ್ ಕೊಟ್ಟು ಡಾಟ್ ಮ್ಯಾಟ್ ಫೈಲಿಗೆ ಬೇರೆಯಾಗಿಯೇ ಬರೆಸಬೇಕು. ಜೊತೆಗೆ ‘ಮೈನಸ್ ವಿ7’ ಎಂದು ಸೇರಿಸಿ, ಅದು ಫೈಲ್ ಯಾವ ರೂಪದಲ್ಲಿರಬೇಕು ಎಂದು ಹೇಳುತ್ತದೆ. ಇದು ಮುಖ್ಯ, ಯಾಕೆಂದರೆ ಸುಮ್ನೆ ಸೇವ್ ಅಂದರೆ ಆಕ್ಟೇವ್ ತನ್ನದೇ ಪಠ್ಯ ರೂಪದಲ್ಲಿ ಬರೆಯುತ್ತದೆ, ಅದು ಮ್ಯಾಟ್‌ಲ್ಯಾಬ್‌ಗೆ ಅರ್ಥವಾಗುವುದಿಲ್ಲ. ವಿ7 ಆದರೆ ಎರಡೂ ಕಡೆ ತೆರೆಯುತ್ತದೆ. ಒಂದೇ ವೇರಿಯಬಲ್ 2 ಜಿಬಿ ದಾಟಿದರೆ ಮಾತ್ರ ಮ್ಯಾಟ್‌ಲ್ಯಾಬ್‌ನಲ್ಲಿ ವಿ7.3 ಬೇಕಾಗುತ್ತದೆ. ನಿಮ್ಮ ಕೆಲಸ ಅಷ್ಟು ದೊಡ್ಡದಿರಲಿಕ್ಕಿಲ್ಲ.

ಇನ್ನು ನಮ್ಮ ಜಿಲ್ಲೆಯ ಮಳೆಗಾಲದ ವಿಷಯ. ನಾನಿರುವುದು ಶಿರಸಿಯಲ್ಲಿ. ಒಂದು ಜುಲೈ ರಾತ್ರಿ ಏಳು ಗಂಟೆ ಓಡಿದ ಲೆಕ್ಕ ಕರೆಂಟ್ ಹೋಗಿ ಪೂರ್ತಿ ಹೋಯಿತು. ಯುಪಿಎಸ್ ಕೂಗುತ್ತಲೇ ಇತ್ತು, ನಾನು ಮಲಗಿದ್ದೆ. ಕೊನೆಯ ಸಾಲಿನಲ್ಲಿ ಸೇವ್ ಬರೆದಿದ್ದೆ, ಲೆಕ್ಕ ಆ ಸಾಲಿನವರೆಗೆ ಬರಲೇ ಇಲ್ಲ. ಅಂದಿನಿಂದ ಲೂಪ್ (ಒಂದೊಂದು ಹೆಜ್ಜೆಯಾಗಿ ಲೆಕ್ಕ ಮರಳಿ ಮರಳಿ ಓಡುವ ಭಾಗ) ಒಳಗೇ ಪ್ರತಿ 500 ಹೆಜ್ಜೆಗೊಮ್ಮೆ ಸೇವ್ ಮಾಡುತ್ತೇನೆ. ಅದೂ ಒಂದೇ ಫೈಲಿಗಲ್ಲ, ಎರಡು ಹೆಸರಿಗೆ ಒಂದಾದ ಮೇಲೊಂದು. ಫೈಲ್ ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಆ ಫೈಲ್ ಕೆಡುತ್ತದೆ, ಇನ್ನೊಂದು ಕೈಗೆ ಸಿಗುತ್ತದೆ ಅಲ್ವಾ? ಎಷ್ಟನೇ ಹೆಜ್ಜೆ ಎಂಬ ಸಂಖ್ಯೆಯನ್ನೂ ಜೊತೆಗೇ ಉಳಿಸಿ. ಮತ್ತೆ ಶುರು ಮಾಡುವಾಗ ಆ ಫೈಲ್ ಲೋಡ್ ಮಾಡಿ, ಮುಂದಿನ ಹೆಜ್ಜೆಯಿಂದ ಓಡಿಸಿದರಾಯಿತು.

ಎಕ್ಸೆಲ್‌ನಲ್ಲಿ ನೋಡಬೇಕು ಅಂತ ಸಿಎಸ್‌ವಿ (ಸಂಖ್ಯೆಗಳ ನಡುವೆ ಅಲ್ಪವಿರಾಮವಿರುವ ಪಠ್ಯ ಫೈಲ್) ಮಾಡುವಿರಾದರೆ ಒಂದು ಎಚ್ಚರಿಕೆ. ಮ್ಯಾಟ್‌ಲ್ಯಾಬ್‌ನ ಹಳೆಯ ಕಮಾಂಡ್ ‘ಸಿಎಸ್‌ವಿರೈಟ್’ ಪ್ರತಿ ಸಂಖ್ಯೆಯ ಮುಖ್ಯ ಐದು ಅಂಕೆಗಳನ್ನಷ್ಟೇ ಉಳಿಸುತ್ತದೆ. ಉಬ್ಬರದಿಂದ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ, ಹಾಗಾಗಿ ನೀವು ಮೂರು ದಿನವಾದರೂ ಓಡಿಸುತ್ತೀರಿ, ಅಂದರೆ 2,59,200 ಸೆಕೆಂಡ್. ಎರಡು ಸೆಕೆಂಡಿನ ಹೆಜ್ಜೆ ಇಟ್ಟರೆ, ಒಂದು ಲಕ್ಷ ಸೆಕೆಂಡ್ ದಾಟಿದ ಮೇಲೆ ಐದೈದು ಸಾಲಿಗೆ ಒಂದೇ ಸಮಯ ಬಂದು ಕೂರುತ್ತದೆ. ನೋಡಿದರೆ ಲೆಕ್ಕವೇ ತಪ್ಪಿದೆ ಅನಿಸುತ್ತದೆ, ತಪ್ಪಿದ್ದು ಎಕ್ಸ್‌ಪೋರ್ಟ್. ‘ಡಿಎಲ್‌ಎಂರೈಟ್’ ಬಳಸಿ, ಪ್ರಿಸಿಶನ್ 10 ಅಂತ ಕೊಡಿ, ಆಗ ಹತ್ತು ಅಂಕೆ ಉಳಿಯುತ್ತದೆ. ಎರಡೂ ಕಡೆ ನಡೆಯುತ್ತದೆ.

ಗ್ರಾಫ್‌ಗೆ ಸ್ಕ್ರೀನ್‌ಶಾಟ್ ಬೇಡ. ‘ಪ್ರಿಂಟ್’ ಕಮಾಂಡಿನಿಂದ ಪಿಎನ್‌ಜಿ ತೆಗೆಯಿರಿ, ರೆಸಲ್ಯೂಶನ್ 300 ಕೊಡಿ, ವರದಿಯಲ್ಲಿ ಅಕ್ಷರ ಸ್ಪಷ್ಟವಾಗಿ ಬರುತ್ತದೆ. ಗ್ರಾಫ್ ಬಿಡಿಸುವ ಕೋಡನ್ನು ಬೇರೆ ಸ್ಕ್ರಿಪ್ಟಿನಲ್ಲಿ ಇಟ್ಟುಕೊಳ್ಳಿ, ಅದು ಡಾಟ್ ಮ್ಯಾಟ್ ಫೈಲ್ ಓದಿ ಚಿತ್ರ ಬಿಡಿಸಲಿ. ಗೈಡ್ ಬಂದು ಸೆಕೆಂಡ್ ಬೇಡ, ಗಂಟೆಯಲ್ಲಿ ತೋರಿಸಿ ಅಂದರೆ ಒಂದು ಸಾಲು ತಿದ್ದಿದರೆ ಸಾಕು, ಇಡೀ ರಾತ್ರಿ ಮತ್ತೆ ಓಡಿಸಬೇಕಿಲ್ಲ.